ಹನ್ನೊಂದು ಸಾಲು

ಬೆಟಗೇರಿ,
೧೩ ನವೆಂಬರ್ ೧೯೮೩, ರವಿವಾರ

ಲಕ್ಷ್ಮೇಶ್ವರದ ತಾರಾಬಾಯಿ ಅಕ್ಕೋರಿಗೆ, ಗದಗಿನ ಪ್ರೆಸ್ಸಿನಲ್ಲಿ ನಿಮ್ಮ ಕತೆಗಳಿಗೆ ಅಚ್ಚಿನ ಮೊಳೆ ಜೋಡಿಸಿದ ಗವಿಸಿದ್ದಪ್ಪನ ಶರಣು.

ಮಳೆ ಬೆಳೆ ಕೇಳುತ್ತ ಕೂಡುವ ಸ್ವಭಾವ ನನ್ನದಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಮೂವತ್ತು ವರ್ಷ ಮಂದಿಯ ಅಕ್ಷರ ಜೋಡಿಸಿದ್ದೇನೆ, ನನ್ನದೇ ಎಂದು ಬರೆಯುವ ಮೊದಲ ಕಾಗದ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಕೋಳಿ ಕೆದರಿದಂಥ ನಿಮ್ಮ ಅಕ್ಷರ ನಾನು ತಿದ್ದಿಕೊಂಡು ಓದಲಿಲ್ಲವೇ?

ನೀವು ನಮ್ಮ ಮಾಲೀಕ ವಿರೂಪಾಕ್ಷಪ್ಪನವರಿಗೆ ಬರೆದ ಕಾರ್ಡು ನೋಡಿದೆ. ನಿಮ್ಮ ಪುಸ್ತಕ ಎರಡನೇ ಸಲ ಅಚ್ಚಾಗಬೇಕು. ಐದು ವರ್ಷದ ಹಿಂದೆ ‘ಸಂಜೆ ಆರೂವರೆ’ ಕತೆಯ ಕೊನೆಯ ಹನ್ನೊಂದು ಸಾಲು ಪ್ರೆಸ್ಸಿನಲ್ಲಿ ಕಳೆದವು, ನಿಮ್ಮ ಹತ್ತಿರ ಬೇರೆ ಪ್ರತಿ ಇಲ್ಲ, ಮೂರು ಸಲ ಹೊಸದಾಗಿ ಬರೆದಿರಿ, ಮೊದಲಿನ ಹಾಗೆ ಬರಲೊಲ್ಲದು, ಒಮ್ಮೆ ಹುಡುಕಿಸಿ ನೋಡಿರಿ ಎಂದಿದ್ದೀರಿ.

ಹುಡುಕಿಸುವುದು ಬೇಡ. ನನ್ನ ಹತ್ತಿರ ಇವೆ. ನಿನ್ನೆ ಪ್ರೂಫ್ ತೆಗೆದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ.

ಆಗ ಮಾಲೀಕರಿಗೆ ನಾನು ಹೇಳಿದ್ದು ಬೇರೆ. ಮೊಳೆ ಜೋಡಿಸಿಟ್ಟ ಗ್ಯಾಲಿ ತಟ್ಟೆ ಕೈ ಜಾರಿತು, ಮೊಳೆ ಚೆಲ್ಲಿದವು, ಹಾಳೆ ಇಲಿ ಕಡಿಯಿತು ಎಂದೆ. ಮೂರೂ ಸುಳ್ಳು. ನನ್ನ ಕೈಯಿಂದ ಒಂದು ದಿನವೂ ಗ್ಯಾಲಿ ಬಿದ್ದಿಲ್ಲ. ನಿಮಗೆ ಟೈಫಾಯ್ಡ್ ಆಗಿ ಕಡೆಯ ಪ್ರೂಫ್ ನೋಡಲು ಬರಲಾಗಲಿಲ್ಲ, ನನಗೆ ಅನುಕೂಲವಾಯಿತು. ಆ ಸಾಲುಗಳನ್ನು ನಾನೇ ತೆಗೆದೆ. ಆಮೇಲೆ ಧಾರವಾಡದ ಕಡೆಯ ಯಾರೋ ಪಂಡಿತರು ನಿಮ್ಮ ಕತೆಯನ್ನು ಬಾಗಿಲಲ್ಲೇ ನಿಲ್ಲಿಸಿದ್ದು ದೊಡ್ಡ ಜಾಣತನ ಎಂದು ಬರೆದರಲ್ಲ, ಅದನ್ನು ಓದಿ ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಆ ಜಾಣ ನಾನು.

ಕಂಪೋಜ್ ಮಾಡುವವನು ಓದುವುದಿಲ್ಲ, ಅಕ್ಕೋರೇ. ಕಣ್ಣು ಹಾಳೆಯ ಮೇಲೆ, ಕೈ ಮೊಳೆಯ ಮೇಲೆ. ಲಗ್ನಪತ್ರಿಕೆಯಾಗಲಿ, ಹತ್ತಿ ಅಡತಿ ಅಂಗಡಿಯ ಬಿಲ್ಲಾಗಲಿ, ಸತ್ತವರ ಚೀಟಿಯಾಗಲಿ, ಕೈಗೆ ಎಲ್ಲ ಒಂದೇ. ನಿಮ್ಮ ಕತೆಗಳು ಬಂದಾಗ ಮಾತ್ರ ಕೈ ನಿಂತಿತು. ಅವುಗಳಲ್ಲಿ ದೆವ್ವ ಇಲ್ಲ, ಕೊಲೆ ಇಲ್ಲ. ಒಂದರಲ್ಲಿ ಅತ್ತೆ ಸತ್ತು ವರ್ಷವಾದರೂ ಸೊಸೆ ಸಕ್ಕರೆ ಡಬ್ಬಿ ತೆಗೆಯುವ ಮೊದಲು ಖಾಲಿ ಕೋಣೆಗೆ ಹೋಗಿ ಕೇಳಿ ಬರುತ್ತಾಳೆ. ಇನ್ನೊಂದರಲ್ಲಿ ಮುಂಡರಗಿಯ ಬಸ್ಸಿನಲ್ಲಿ ನಿಂತ ತಾಯಿ, ಕುಂತಿದ್ದ ಯಾವಳದೋ ಮಡಿಲಿಗೆ ಕೂಸು ಕೊಟ್ಟಿರುತ್ತಾಳೆ. ಇಳಿಯುವಾಗ ಅದನ್ನು ಹೊಳ್ಳಿ ಕೇಳಲು ಒಂದು ಗಳಿಗೆ ತಡ ಮಾಡುತ್ತಾಳೆ. ಅಷ್ಟೇ. ಕಂಡಕ್ಟರ್ ಸಹ ನೋಡಲಿಲ್ಲ, ನೀವು ನೋಡಿದಿರಿ. ಇಷ್ಟು ವರ್ಷದಲ್ಲಿ ಎಷ್ಟೋ ಮಂದಿಯ ಬರಹ ಜೋಡಿಸಿದ್ದೇನೆ, ನಿಮ್ಮಂಥ ಕಣ್ಣು ಇನ್ನೊಂದು ಕಾಣೆ. ಹೊಗಳುವುದು ನನಗೆ ಬರುವುದಿಲ್ಲ, ಇದ್ದದ್ದು ಹೇಳಿದೆ.

ಆಮೇಲೆ ‘ಸಂಜೆ ಆರೂವರೆ’ ಬಂತು. ಆ ಕತೆಯ ಗಂಡಸು ಕುಡಿಯುವವನಲ್ಲ, ಹೊಡೆಯುವವನಲ್ಲ. ಆದರೆ ದಿನಾ ಆರೂವರೆಗೆ ಅವನ ಚಪ್ಪಲಿಯ ಸಪ್ಪಳ ಓಣಿಯಲ್ಲಿ ಕೇಳಿದ್ದೇ ತಡ, ಮನೆಯೊಳಗೆ ಮಾತು ನಿಲ್ಲುತ್ತದೆ. ಒಂದು ದಿನ ಬಾರು ಹರಿಯುತ್ತದೆ, ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಾಗಿಲಿಗೆ ಬರುತ್ತಾನೆ. ಒಳಗೆ ಹೆಂಡತಿ ಮಕ್ಕಳು ನಗುತ್ತಿದ್ದಾರೆ. ಪುಸ್ತಕದಲ್ಲಿ ಕತೆ ಇಲ್ಲಿಗೇ ಮುಗಿಯಿತು. ನಿಮ್ಮ ಹಾಳೆಯಲ್ಲಿ ಮುಗಿದಿರಲಿಲ್ಲ. ಅವನು ಓಣಿಯ ತುದಿಗೆ ಹೊಳ್ಳಿ ಹೋಗುತ್ತಾನೆ, ಹರಿದ ಚಪ್ಪಲಿಯನ್ನೇ ಮೆಟ್ಟಿಕೊಂಡು, ಎಳೆದು ಸಪ್ಪಳ ಮಾಡುತ್ತ ಬರುತ್ತಾನೆ. ಮನೆ ಸುಮ್ಮನಾಗುತ್ತದೆ. ಆಹಾ, ಮನೆ ಎಂದರೆ ಹೀಗೆ ಶಾಂತ ಇರಬೇಕು ಎಂದುಕೊಂಡು ಒಳಗೆ ಕಾಲಿಡುತ್ತಾನೆ.

ಅದನ್ನು ಜೋಡಿಸಿದ ದಿನ ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂತು. ಈ ಹೆಣ್ಣುಮಗಳಿಗೆ ಗಂಡಸರ ಬಗ್ಗೆ ಏನು ಗೊತ್ತು ಎಂದು ಬೈದೆ. ನಮ್ಮ ಮನೆ ಹಾಗಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಸಂಜೆ ನಮ್ಮ ಓಣಿಯ ತುದಿಗೆ, ಅಮೀನಬಿಯ ಬಳೆ ಅಂಗಡಿಯ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಿ ಬಾಗಿಲಲ್ಲಿ ನಿಂತೆ.

ಒಳಗೆ ನನ್ನ ಹೆಂಡತಿ ಅಮೃತವ್ವ ನಗುತ್ತಿದ್ದಳು. ಲಗ್ನವಾಗಿ ಇಪ್ಪತ್ತಾರು ವರ್ಷವಾಗಿತ್ತು, ಆ ನಗೆ ನಾನು ಕೇಳಿರಲಿಲ್ಲ. ಯಾರೋ ಬೇರೆ ಹೆಂಗಸು ಬಂದಿದ್ದಾಳೆ ಎಂದುಕೊಂಡೆ.

ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಹೊಳ್ಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದೆ, ಮನೆ ಸುಮ್ಮನಾಯಿತು. ನಾನು ಮಾಡುವ ಮೊದಲೇ ನೀವು ಬರೆದು ಇಟ್ಟಿದ್ದಿರಿ. ಮರುದಿನ ಮುಂಜಾನೆ ಆ ಹನ್ನೊಂದು ಸಾಲು ಕಿತ್ತೆ.

ನೀವು ನಮ್ಮ ಮನೆ ನೋಡಿದವರಲ್ಲ. ಪ್ರೆಸ್ಸಿಗೆ ಬಂದದ್ದೇ ಎರಡು ಸಲ. ಆ ಕತೆ ಕಳಿಸುವ ಮೊದಲು ಒಮ್ಮೆ ಬಂದಾಗ ನಾನು ಚಹಾಕ್ಕೆ ಹೋಗಿದ್ದೆ, ಹೊಳ್ಳಿ ಬಂದಾಗ ನಗುತ್ತಿದ್ದ ನಮ್ಮ ಹುಡುಗರು ತಲೆ ತಗ್ಗಿಸಿ ಕೆಲಸಕ್ಕೆ ಹತ್ತಿದ್ದು ನೆನಪಿದೆ. ನೀವು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕುಂತಿದ್ದಿರಿ. ಅಷ್ಟೇ ಸಾಕಾಯಿತೇ ನಿಮಗೆ? ಸಾಕಾಗಿದ್ದರೆ ನಿಮ್ಮ ಕಣ್ಣಿಗೆ ದೊಡ್ಡ ಶರಣು.

ಕಿತ್ತ ಮೊಳೆಯನ್ನು ಕೆಡವಿ, ಕೇಸು ಎಂಬ ಮೊಳೆಪೆಟ್ಟಿಗೆಯ ಮನೆಮನೆಗೆ ಹಾಕುವುದು ನಮ್ಮ ರೂಢಿ. ಇವನ್ನು ಕೆಡವಲು ಕೈ ಬರಲಿಲ್ಲ. ಹಾಗೇ ಸುತಳಿ ಸುತ್ತಿ ನನ್ನ ಕೇಸಿನ ಕೆಳಗೆ ಇಟ್ಟೆ. ನನ್ನ ಜೊತೆ ಕೆಲಸ ಮಾಡುವ ದತ್ತಾತ್ರಿ ಲಗ್ನದ ಸುಗ್ಗಿ ಬಂದಾಗಲೆಲ್ಲ, “ಕಾಕಾ, ಮೊಳಿ ಕಡಿಮಿ ಬೀಳಾಕ ಹತ್ಯಾವು, ಆ ಗಂಟು ಬಿಚ್ಚೋಣಲ್ಲ?” ಎನ್ನುತ್ತಾನೆ. “ಮುಟ್ಟಿ ನೋಡಲೇ, ಕೈ ಮುರದು ಕೇಸಿನಾಗ ಇಡ್ತೀನಿ” ಎನ್ನುತ್ತೇನೆ. “ಅದರಾಗ ಏನರ ಬಂಗಾರ ಐತೇನ್ರಿ?” ಎಂದು ಅವನ ಕುಹಕ.

ಈ ಸಲ ಅವು ಪುಸ್ತಕದಲ್ಲಿ ಬರಬೇಕು. ಒಂದು ಕಾಮಾ ಬದಲಿಸಬೇಡಿರಿ. ಮಾಲೀಕರಿಗೆ ಹೇಳುವುದಿದ್ದರೆ ಹೇಳಿರಿ, ಕೆಲಸ ಬಿಡು ಎಂದರೆ ಬಿಡುತ್ತೇನೆ. ಆದರೆ ಆ ಪುಟ ಯಂತ್ರಕ್ಕೆ ಏರಿಸುವವರೆಗೆ ಬಿಡುವುದಿಲ್ಲ.

ನಿಮ್ಮ ಮೊದಲನೇ ವಾಚಕ, ನಿಮ್ಮ ಕಳ್ಳ,
ಗವಿಸಿದ್ದಪ್ಪ

ತಾ.ಕ.: ಮೇಲೆ ಒಂದು ದಿನದ ಮಾತೆಂಬಂತೆ ಬರೆದೆ. ಒಂದು ದಿನ ಅಲ್ಲ. ಐದು ವರ್ಷದಿಂದ ವಾರಕ್ಕೆ ಒಂದೆರಡು ಸಲ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ಹೋಗಿ, ಅವಳ ನಗೆ ಕೇಳಿ, ಹೊಳ್ಳಿ ಬಂದು ಮೆಟ್ಟಿಕೊಂಡು ಹೋಗುತ್ತೇನೆ. ಮೊನ್ನೆ ಗುರುವಾರವೂ ಹಾಗೇ ನಿಂತಿದ್ದೆ. ಮಗಳು ರೇಣುಕಾ ಶಾಲೆಯಿಂದ ನಿಮ್ಮ ಪುಸ್ತಕ ತಂದು ಅದೇ ಕತೆಯನ್ನು ಅವ್ವನಿಗೆ ಓದಿ ಹೇಳುತ್ತಿದ್ದಳು. ಅಮೃತವ್ವನಿಗೆ ಅಕ್ಷರ ಬರುವುದಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೇಳಿ, “ಕಡೀಕ ಏನೋ ಬಿಟ್ಟೈತಲ್ಲ” ಎಂದಳು. “ಇಲ್ಲಬೇ, ಮುಗೀತು.” “ಎಲ್ಲಿ ಮುಗೀತು? ಆಂವ ಹೊಳ್ಳಿ ಹೋಗಿ ಚಪ್ಪಲಿ ಹಾಕ್ಕೊಂಡು ಬರ್ತಾನ.”

ಬರಿಗಾಲಲ್ಲೇ ಒಳಗೆ ಹೋದೆ. ಇಬ್ಬರೂ ಸುಮ್ಮನಾದರು. ಅಮೃತವ್ವ ನನ್ನ ಮಾರಿ ನೋಡಲಿಲ್ಲ, ಕಾಲು ನೋಡಿದಳು. “ಅಮೀನಬಿ ಕಟ್ಟಿ ಕೆಳಗ ನಾಯಿ ಮರಿ ಹಾಕೇತ್ರಿ. ಚಪ್ಪಲಿ ಜಲ್ದಿ ತೊಗೊಂಡ ಬರ್ರಿ, ಹರದು ಹಾಕೀತು” ಎಂದಳು. ಸಿಟ್ಟು ಬಂತು, ಬಂದದ್ದು ಖರೆ. ನುಂಗಿಕೊಂಡೆ. ರೇಣುಕಾ ನಗೆ ತಡೆಯಲು ಬಾಯಿಗೆ ಕೈ ಒತ್ತಿಕೊಂಡಳು. ಅಮೃತವ್ವ ಒತ್ತಿಕೊಳ್ಳಲಿಲ್ಲ.