ಹತ್ತು ಬೋಲ್ಟ್‌ಗಳ ವಿಚಾರವಾಗಿ ಕಾರು ಓಟದ ಒಕ್ಕೂಟಕ್ಕೆ ಬಹಿರಂಗ ಪತ್ರ

ಮಾನ್ಯ ಪರವಾನಗಿ ವಿಭಾಗದ ಮುಖ್ಯಸ್ಥರೇ,

ನನ್ನ ನಾಲ್ಕು ಪುಟದ ಪತ್ರಕ್ಕೆ ತಾವು ದಯಪಾಲಿಸಿದ ಒಂದು ಸಾಲಿನ ಉತ್ತರ ಕೈಸೇರಿದೆ. “ಖರೀದಿದಾರರ ಹೆಸರು, ವಿಳಾಸ ವೈಯಕ್ತಿಕ ಮಾಹಿತಿಯಾದ್ದರಿಂದ ನೀಡಲಾಗದು.” ನಾನು ವಿಳಾಸ ಕೇಳಿದ್ದು ಅವನ ಮನೆಗೆ ಬೆಂಕಿ ಇಡಲಿಕ್ಕಲ್ಲ ಸ್ವಾಮಿ. ಅವನು ಕೊಂಡ ಕಾರಿನ ಎಂಜಿನ್ ಹಾಳಾಗುವ ಮೊದಲು ಒಂದು ಮಾತು ಹೇಳಲಿಕ್ಕೆ. ವಿಳಾಸ ಕೊಡಲಾಗದಿದ್ದರೆ ಆ ಮಾತನ್ನು ನೀವೇ ತಲುಪಿಸಿ ಎಂದೂ ಬರೆದಿದ್ದೆ. ಅದಕ್ಕೆ ನಿಮ್ಮಲ್ಲಿ ಅರ್ಜಿ ನಮೂನೆ ಇಲ್ಲವೋ ಏನೋ, ಉತ್ತರವೇ ಇಲ್ಲ.

ಕಾರು ನನ್ನ ಮಗಳು ಪಿಹ್ಲಾಳದು. ಹಾಲು, ಬ್ರೆಡ್ಡು ತರಲು ಅಜ್ಜಿಯರು ಓಡಿಸುತ್ತಿದ್ದಂಥ ಪುಟ್ಟ ಕಾರು, ನಲವತ್ತೈದು ಕುದುರೆಶಕ್ತಿ. ಅದರ ಎಂಜಿನ್ ಕಿತ್ತು, ಅದೇ ಕಂಪನಿಯ ಗುಜರಿ ವ್ಯಾನಿನ ದೊಡ್ಡ ಎಂಜಿನ್ ಕೂರಿಸಲು ಅವಳಿಗೆ ಮೂರು ಚಳಿಗಾಲ ಹಿಡಿಯಿತು. ಎಂಜಿನ್ ಕೂರುವ ಪಟ್ಟಿಗಳನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಿದಳು. ರೇಡಿಯೇಟರನ್ನು ಗೇಣು ಮುಂದಕ್ಕೆ ಸರಿಸಿದಳು. ಗಾಳಿ ಒಳಹೋಗುವ ದಾರಿಗಳನ್ನು ಹಬೆಸ್ನಾನದ ಸೌನಾದ ಹೊರಕೋಣೆಯಲ್ಲಿ ಕೂತು ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜಿದಳು. ಮೂವತ್ತು ವರ್ಷ ಮೆಕ್ಯಾನಿಕ್ ಆಗಿರುವ ನಾನು ಹತ್ತಿರ ಹೋದರೆ, “ಅಪ್ಪಾ, ನೀನು ಕಾಫಿ ಮಾಡ್ಹೋಗು. ನಿನ್ ಕೈ ಟ್ರ್ಯಾಕ್ಟರಿಗೇ ಸರಿ” ಅನ್ನುತ್ತಿದ್ದಳು. ಕಳೆದ ಜನವರಿಯಲ್ಲಿ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಕೂರಿಸಿ ಹತ್ತು ಬೋಲ್ಟ್ ಬಿಗಿ ಮಾಡಿದ್ದೂ ಅವಳೇ. ಅಷ್ಟರಲ್ಲಿ ರಕ್ತದ ಕ್ಯಾನ್ಸರ್ ಅವಳ ತೋಳಲ್ಲಿ ಏನೂ ಉಳಿಸಿರಲಿಲ್ಲ. ಮೈಭಾರವನ್ನೆಲ್ಲ ಸ್ಪ್ಯಾನರಿನ ಮೇಲೆ ಬಿಟ್ಟು ಎಳೆದಳು. “ಮೊದ್ಲನೇ ಓಟ ಆದ್ಮೇಲೆ ಹೆಂಗೂ ಇನ್ನೊಂದ್ಸಲ ಬಿಗಿ ಮಾಡ್ತೀವಲ್ಲ, ಬಿಡು” ಅಂದಳು. ಮಾರ್ಚಿನಲ್ಲಿ ಹೋದಳು. ಇಪ್ಪತ್ತಮೂರು ವರ್ಷ.

ಮುಂದಿನದಕ್ಕೆ ನಿಮ್ಮನ್ನು ದೂರುವುದಿಲ್ಲ. ಮೇ ತಿಂಗಳ ಓಟಕ್ಕೆ ಕಾರು ಒಯ್ದೆ, ಒಂದೇ ಸಲ ಓಡಲಿ ಎಂಬ ಆಸೆ. ಓಟಕ್ಕೆ ಸೇರದೆ ಊಟದ ಬಿಡುವಿನಲ್ಲಿ ಒಂದು ಸುತ್ತು ಹೋಗಿಬರುತ್ತೇನೆ ಎಂದು ಕೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವಳ ಗೌರವಕ್ಕೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಆದರೆ ನಮ್ಮ ಸೀಮೆಯ ಗಂಡಸಿಗೆ ಬಾಯಿಬಿಟ್ಟು ಕೇಳುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಎಲ್ಲರಂತೆ ಸಾಲಿನಲ್ಲಿ ನಿಂತು ಎಲ್ಲರಂತೆ ಹೆಸರು ಬರೆಸಿದೆ. ಹೆಸರು ಬರೆಸಿದ ಕಾರನ್ನು ಓಟ ಮುಗಿದ ಮೇಲೆ ಯಾರು ಬೇಕಾದರೂ ನಿಗದಿತ ಬೆಲೆಗೆ ಕೇಳಬಹುದು, ಹಲವರು ಕೇಳಿದರೆ ಚೀಟಿ ಎತ್ತುತ್ತಾರೆ, ಮಾಲೀಕ ಕೊಡಲೇಬೇಕು. ಹಣವಂತ ದುಡ್ಡು ಸುರಿದು ಗೆಲ್ಲದಿರಲೆಂದು ಮಾಡಿದ ಈ ನಿಯಮ ನನಗೆ ಗೊತ್ತಿರಲಿಲ್ಲವೇ? ನಿಧಾನಕ್ಕೆ ಓಡಿಸಿದರೆ ಈ ಡಬ್ಬಾವನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಆದರೆ ಎರಡನೇ ತಿರುವು ದಾಟಿದ್ದೇ ಎಂಜಿನ್ ಎಳೆಯಿತು ನೋಡಿ, ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಅವಳು ಎಂಥ ಕೆಲಸಗಾತಿ ಎಂದು ನನಗೆ ಗೊತ್ತಾದದ್ದು ಆವತ್ತು. ಮೊದಲಿಗನಾಗಿ ಬಂದೆ. ಹನ್ನೊಂದು ಜನ ಚೀಟಿ ಹಾಕಿದರು.

ಮೇಜಿನ ಹಿಂದೆ ಕೂತಿದ್ದ ಓಟದ ಮೇಲ್ವಿಚಾರಕ ಕೌಕೋ ನನ್ನ ಹಳೆಯ ಸ್ನೇಹಿತ. ದನಿ ತಗ್ಗಿಸಿ ಅಂದ:

“ತಾರ್ಮೋ, ಕೊಡಲ್ಲ ಅಂತ ಬರ್ದುಬಿಡೋ. ರೇಸ್ ಲೈಸೆನ್ಸ್ ಕಿತ್ಕೋತಾರೆ, ಅಷ್ಟೇ ತಾನೆ?”

“ಅವತ್ತು ನಮ್ಮ ಪೆಂಟ್ಟಿ ಇದೇ ಮೇಜಿನ ಮುಂದೆ ಕಾರು ಕೊಡಲ್ಲ ಅಂತ ಕಣ್ಣೀರು ಹಾಕ್ದಾಗ ನಾನೇನಂದಿದ್ದೆ?”

“ರೂಲ್ ಅಂದ್ರೆ ರೂಲ್ ಅಂದಿದ್ದೆ ನೀನು. ಅದಕ್ಕೂ ಇದಕ್ಕೂ ಏನ್ ಸಂಬಂಧ ಕಣಯ್ಯಾ?”

“ಪೆನ್ ಕೊಡು.”

ಸಹಿ ಹಾಕಿದೆ. ಸುಡುಗಾಡು ಮರ್ಯಾದೆ. ಐವತ್ತೊಂಬತ್ತರ ಮುದುಕನಿಗೆ ಲೈಸೆನ್ಸ್ ಇಟ್ಟುಕೊಂಡು ಆಗಬೇಕಾದ್ದೇನಿತ್ತು? ಕೊಂಡವನ ಮುಖ ನೋಡಲಾರದೆ ನನ್ನ ವ್ಯಾನಿನಲ್ಲಿ ಹೋಗಿ ಕೂತೆ. ಅವನು ಕಾರನ್ನು ಟ್ರೇಲರಿಗೆ ಹತ್ತಿಸುವ ಸದ್ದು ಕೇಳಿಸಿತು. ಅಳು ಬಂತು, ಅತ್ತುಬಿಟ್ಟೆ. ಬೋಲ್ಟ್‌ಗಳು ನೆನಪಾದದ್ದು ಮನೆಗೆ ಬಂದ ಮೇಲೆ. ಕೌಕೋನನ್ನು ಕೇಳಿದರೆ, ಯಾರೋ ದೂರದವನು, ಹೆಸರು ನೆನಪಿಲ್ಲ, ಕಾಗದವೆಲ್ಲ ನಿಮ್ಮ ಕಚೇರಿಗೆ ಹೋಗಿದೆ ಅಂದ.

ತಾವು ಕಚೇರಿಯವರು, ತಿಳಿಯದಿರಬಹುದು. ನೀರು, ಎಣ್ಣೆ ಸೋರದಂತೆ ಹೆಡ್ಡಿನ ಕೆಳಗೆ ಇಡುವ ಹೊಸ ಗ್ಯಾಸ್ಕೆಟ್ ಮೊದಲ ಓಟದ ಬಿಸಿಗೆ ಕುಗ್ಗುತ್ತದೆ, ಬೋಲ್ಟ್‌ಗಳು ಸಡಿಲವಾಗುತ್ತವೆ. ಅವಳ ಕೈಯ ಬೋಲ್ಟ್‌ಗಳಂತೂ ಮೊದಲೇ ಸಡಿಲ. ಹಾಗೆಯೇ ಇನ್ನೊಂದು ಓಟ ಓಡಿದರೆ ನೀರು ಎಣ್ಣೆಗೆ ಬೆರೆತು ಎಂಜಿನ್ ಗುಜರಿ ಸೇರುತ್ತದೆ. ಮುಂದಿನ ಓಟ ಬರುವ ಭಾನುವಾರ. ಆ ಮನುಷ್ಯನ ಗುಟ್ಟನ್ನು ತಾವು ಧಾರಾಳವಾಗಿ ಕಾಪಾಡಿ. ಆದರೆ ವಾರ್ಷಿಕ ಶುಲ್ಕದ ನೆನಪೋಲೆ ಅವನಿಗೆ ತಪ್ಪದೆ ಹೋಗುತ್ತದಲ್ಲ, ಅದೇ ದಾರಿಯಲ್ಲಿ ನನ್ನ ಎರಡು ಸಾಲು ಹೋದರೆ ಯಾವ ಕಾನೂನಿಗೆ ಮೈಲಿಗೆ?

ಕಾರು ವಾಪಸ್ ಬೇಡ. ನಿಯಮ ಬದಲಿಸುವುದೂ ಬೇಡ. ಶುಕ್ರವಾರದೊಳಗೆ ಇಷ್ಟನ್ನು ತಲುಪಿಸಿ: ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹೆಡ್ಡಿನ ಹತ್ತು ಬೋಲ್ಟ್, ನಡುವಿನಿಂದ ಶುರುಮಾಡಿ ಹೊರಕ್ಕೆ ಬಿಗಿ ಮಾಡುತ್ತ ಹೋಗಬೇಕು. ಬೋಲ್ಟ್ ಸುಲಭವಾಗಿ ತಿರುಗಿದರೆ, ಯಾವನಪ್ಪಾ ಇದನ್ನು ಅರೆಬರೆ ಬಿಗಿ ಮಾಡಿದವನು ಎಂದು ಅವನು ಬೈಯಬಾರದು. ಅವಳು ತನ್ನಲ್ಲಿದ್ದದ್ದನ್ನೆಲ್ಲ ಹಾಕಿ ಬಿಗಿ ಮಾಡಿದ್ದಳು.

ಇಂತಿ,
ಕೇಳಲು ಬಾರದೆ ಕಳೆದುಕೊಂಡು, ಈಗ ಊರೆಲ್ಲ ಕೇಳುವಂತೆ ಕೇಳುತ್ತಿರುವ
ತಾರ್ಮೋ ಹಿಯೆತಾಲಾ
ಅಲಾಯಾರ್ವಿ