ನಮ್ಮತ್ತೆಯ ಅಡುಗೆಮನೆ ಸಮುದ್ರದೊಳಗಿಲ್ಲ

ಕಡಲಗಡಿ ಗುರುತಿಸುವ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮತ್ತೆ ಮನ್ನೂಬಿಯಾ ಅವರ ಅಡುಗೆಮನೆ ಸಮುದ್ರದೊಳಗಿದೆ ಎಂದು ತಾವು ಆಜ್ಞೆ ಹೊರಡಿಸಿದ್ದೀರಿ. ಉಬ್ಬರದ ನೀರು ಮುಟ್ಟುವ ನೆಲವೆಲ್ಲ ಸರ್ಕಾರದ್ದು. ತಮ್ಮ ಹೊಸ ಲೆಕ್ಕದಂತೆ ಆ ನೀರು ಅತ್ತೆಯ ಒಲೆ ದಾಟಿ ಹರಿಸ್ಸಾ ಖಾರದ ಡಬ್ಬಿಯವರೆಗೆ ಬರುತ್ತದೆ. ಆದ್ದರಿಂದ ಈದ್ ಹಬ್ಬದೊಳಗೆ ಅಡುಗೆಮನೆ ಕೆಡವಬೇಕು. ಮದುವೆಯಾಗಿ ಬಂದಂದಿನಿಂದ ಅಲ್ಲೇ ಬೇಯಿಸುತ್ತಿರುವ ಅತ್ತೆಯ ಪಾದ ಒಮ್ಮೆಯೂ ಉಪ್ಪುನೀರಿನಲ್ಲಿ ನೆನೆದಿಲ್ಲ. ನಾನು ಈ ಕರ್ಕೆನ್ನಾ ದ್ವೀಪದ ಕ್ಷೌರಿಕ. ತಲೆ ಮುಟ್ಟಿದರೆ ಒಳಗೇನಿದೆ ಎಂದು ಹೇಳಬಲ್ಲೆ ಎಂಬ ಜಂಬವಿತ್ತು. ತಮ್ಮ ಆಜ್ಞೆ ಓದಿದ ಮೇಲೆ ಅದೂ ಇಳಿದಿದೆ.

ಚಳಿ ಶುರುವಾಗುವ ಮುನ್ನ ತಾವು ನಮ್ಮ ದೋಣಿಕಟ್ಟೆಯಲ್ಲಿ ಕಬ್ಬಿಣದ ಕಂಬ ನೆಟ್ಟು, ಅದರ ತೋಳನ್ನು ನೀರಿನ ಮೇಲೆ ಚಾಚಿಸಿ, ತುದಿಗೊಂದು ಯಂತ್ರ ಕಟ್ಟಿದಿರಿ. ಅದು ಕೆಳಗೆ ನೋಡುತ್ತದೆ, ಮೊದಲು ಕಂಡದ್ದನ್ನು ನೀರು ಎಂದು ಬರೆದುಕೊಳ್ಳುತ್ತದೆ. ಕಾವಲಿಗೆ ನಮ್ಮೂರಿನ ಹುಡುಗ ಹಸೂನನನ್ನು ನೇಮಿಸಿದಿರಿ. ಈಗ ತಾವೇ ಹೇಳಿ: ಆಕ್ಟೋಪಸ್ ಒಣಗಿಸುವ ಕಾಲದಲ್ಲಿ, ಗಾಳಿ ಚೆನ್ನಾಗಿ ಆಡುವ, ಊರಿನ ಒಂದು ಬೆಕ್ಕಿಗೂ ಎಟುಕದ ತೋಳೊಂದು ಖಾಲಿ ಚಾಚಿಕೊಂಡಿದ್ದರೆ, ಈ ದ್ವೀಪದಲ್ಲಿ ಹುಟ್ಟಿದವನು ಏನು ಮಾಡಬೇಕು?

ಹಸೂನ ಅದನ್ನೇ ಮಾಡಿದ. ಚಳಿಗಾಲ ಪೂರ್ತಿ ಯಂತ್ರದ ಕಣ್ಣಿನ ಕೆಳಗೆ ಆಕ್ಟೋಪಸ್‌ಗಳು ತೂಗಿದವು. ಯಂತ್ರ ಅವನ್ನು ಕಂಡು ನೀರು ಎಂದಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರಂತೆ ತಾವು ಗಡಿ ಎಳೆದಿರಿ. ಚಂದ್ರ ತನ್ನ ವರಸೆಗಳನ್ನೆಲ್ಲ ತೋರಿಸಲು ಹೆಚ್ಚುಕಡಿಮೆ ಹತ್ತೊಂಬತ್ತು ವರ್ಷ ಬೇಕು, ಅಷ್ಟೂ ಕಾಲದ ಉಬ್ಬರಗಳ ಸರಾಸರಿ ತೆಗೆಯಬೇಕು, ಪುರುಸೊತ್ತಿಲ್ಲದಿದ್ದರೆ ಹತ್ತಿರದ ಹಳೆಯ ಬಂದರಿನ ಲೆಕ್ಕದೊಂದಿಗೆ ತಾಳೆಯನ್ನಾದರೂ ನೋಡಬೇಕು ಎಂದು ತಮ್ಮ ಕಚೇರಿಯವರೇ ನನ್ನ ಅಂಗಡಿಯಲ್ಲಿ ಕೂತು ಭಾಷಣ ಬಿಗಿದಿದ್ದರು. ತಾಳೆ ನೋಡಿದ್ದರೆ, ಎದುರು ದಡದ ಸ್ಫಾಕ್ಸ್ ಬಂದರಿನಲ್ಲಿ ದಿನಕ್ಕೆರಡು ಸಲ ಏರಿಳಿಯುವ ಸಮುದ್ರ ನಮ್ಮ ಕಟ್ಟೆಯಲ್ಲಿ ಮಾತ್ರ ಏರಿದಲ್ಲೇ ನಿಂತು ಗಾಳಿಗೆ ಜೋಕಾಲಿಯಾಡುತ್ತಿದೆ ಏಕೆ ಎಂಬ ಅನುಮಾನ ಬರುತ್ತಿರಲಿಲ್ಲವೇ?

ಆಜ್ಞೆ ಹಿಡಿದು ತಾವೇ ಬಂದ ಶುಕ್ರವಾರ ನೆನಪಿದೆಯೇ? ತಮ್ಮ ಜನ ಗೋಡೆ ಅಳೆಯುತ್ತಿದ್ದರು. ಬಿಸಿಲಿಗೆ ಬಾಡಿದ ತಮ್ಮ ಮುಖ ನೋಡಿ ಅತ್ತೆ ಮರುಗಿದರು.

"ಬೈಯೋದು ಆಮೇಲೆ ಬೈತೀನಿ. ಮೊದ್ಲು ಕೂತ್ಕೊಂಡು ಊಟ ಮಾಡಪ್ಪ."

"ಬೇಡಮ್ಮ, ಡ್ಯೂಟಿ ಮೇಲೆ ಬಂದಿದೀನಿ," ಎಂದಿರಿ.

"ಡ್ಯೂಟಿ ನಿನ್ ಹೊಟ್ಟೆ ತುಂಬ್ಸತ್ತಾ? ಏ ಹಸೂನಾ, ಕಂಬದ ಮೇಲಿರೋದನ್ನೆಲ್ಲಾ ಬಿಚ್ಕೊಂಡ್ ಬಾರೋ!"

ಅವನು ತಂದ. ಅತ್ತೆ ಆ ಆಕ್ಟೋಪಸ್ ಹಾಕಿ ಗೋಧಿರವೆಯ ಕುಸ್‌ಕುಸ್ ಮಾಡಿದರು. ತಾವು ತಮ್ಮ ಲೆಕ್ಕದಲ್ಲಿ ನೆರೆ ಬಂದ ಒಲೆಯ ಪಕ್ಕದಲ್ಲೇ ಕೂತು, "ಅಮ್ಮಾ, ಇನ್ನೊಂದ್ ಕಾಲು ಹಾಕಿ," ಎಂದು ಎರಡು ಸಲ ಕೇಳಿದಿರಿ. ಆಮೇಲೆ ಕೈ ತೊಳೆದು, ಕೆಡವುವ ಆಜ್ಞೆಯನ್ನು ಅತ್ತೆಯ ಕೈಗೇ ಕೊಟ್ಟು ಹೊರಟಿರಿ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ತಾವು ಟೇಪು ಹಿಡಿದು ಎಣಿಸಿದವರು.

ನಮ್ಮ ತಕರಾರಿಗೆ ತಮ್ಮ ಕಚೇರಿ ಕಳಿಸಿದ ಉತ್ತರ ಕೇಳಿ: "ಸದರಿ ಶುಕ್ರವಾರ ಮಧ್ಯಾಹ್ನ ಸಮುದ್ರವು ಒಮ್ಮೆಲೇ ಆಳೆತ್ತರ ಕುಸಿದಿದೆ. ಕಾರಣ ಪತ್ತೆಗೆ ತಜ್ಞರ ಸಮಿತಿ ರಚಿಸಲಾಗಿದೆ. ಗಡಿ ಬದಲಾಗದು." ಸಮಿತಿಗೆ ಯಾಕೆ ಖರ್ಚು, ಮಾನ್ಯರೇ? ಆ ಉಬ್ಬರವನ್ನು ತಿಂದು ತೇಗಿದವರು ತಾವೇ.

ನಾನು ನಗುತ್ತಾ ಬರೆಯುತ್ತಿದ್ದೇನೆ. ಅತ್ತೆ ನಗುತ್ತಿಲ್ಲ. ಪಾತ್ರೆಗಳನ್ನು ಅಂಗಳಕ್ಕೆ ತಂದಿಡುತ್ತಾರೆ, ಮತ್ತೆ ಒಳಗೆ ಒಯ್ಯುತ್ತಾರೆ. "ಒಲೆ ಎಲ್ಲಿಡ್ಲಿ ಮುಂಜೀ?" ಎಂದು ನನ್ನನ್ನೇ ಕೇಳುತ್ತಾರೆ.

ಆದ್ದರಿಂದ ಆಕ್ಟೋಪಸ್‌ಗಳನ್ನು ಕಳೆದು ಹೊಸದಾಗಿ ಲೆಕ್ಕ ಹಾಕಿ, ಆಜ್ಞೆ ಹಿಂಪಡೆಯಿರಿ. ಆಗುವುದಿಲ್ಲವೆಂದರೆ ನಮ್ಮ ದ್ವೀಪದ ಪದ್ಧತಿ ಪಾಲಿಸಿ. ಇಲ್ಲಿ ಸಮುದ್ರಕ್ಕೂ ಒಡೆಯರಿದ್ದಾರೆ. ನೀರಿನಲ್ಲಿ ತಾಳೆಗರಿಯ ಬೇಲಿ ನೆಟ್ಟು ಮೀನು ಹಿಡಿಯುವ ತಾಣಗಳು ತಾತನಿಂದ ಮೊಮ್ಮಗನಿಗೆ ಬರುತ್ತವೆ, ಬೇಲಿಯೊಳಗೆ ಬಂದು ಸಿಕ್ಕಿಬಿದ್ದದ್ದೆಲ್ಲ ಒಡೆಯರದ್ದು. ಅಡುಗೆಮನೆ ಸಮುದ್ರವೇ ಆಗಿದ್ದರೆ ಅದನ್ನು ಮೀನುತಾಣವೆಂದು ಅತ್ತೆಯ ಹೆಸರಿಗೆ ಬರೆದುಕೊಡಿ. ತಾಳೆಗರಿ ಕಡಿದಿಟ್ಟಿದ್ದೇವೆ. ಕೆಡವಲು ಬರುವಾಗ ತಾವೇ ಬನ್ನಿ, ಊಟದ ಹೊತ್ತಿಗೇ ಬನ್ನಿ. ಒಳಗೆ ಬಂದವರನ್ನು ಅತ್ತೆ ಹಾಗೆಲ್ಲ ಬಿಡುವವರಲ್ಲ.

ಇಂತಿ,
ತಮ್ಮ ಲೆಕ್ಕದಲ್ಲಿ ಮುಳುಗಿಹೋಗಿದ್ದರೂ ಇನ್ನೂ ಒಣಗಿಯೇ ಇರುವ ಅಳಿಯ,
ಕ್ಷೌರಿಕ ಮುಂಜಿ