ತನುಜಾ ತಂದ ಆಟದ ಡಬ್ಬಿ

ಮೇಲೂರು

ಅಳಿಯದೇವರು ಕೆಂಪರಾಜು ಅವರಿಗೆ,

ನನ್ನನ್ನು ಆಸ್ಪತ್ರೆಗೆ ಸೇರಿಸಲು ನಿಮ್ಮ ಹೆಂಡತಿ, ನನ್ನ ಮೊಮ್ಮಗಳು ತನುಜಾ ಎರಡು ದಿನ ಇಲ್ಲಿಗೆ ಬಂದರೆ, ನಾಲ್ಕನೇ ಜ್ವರದ ಪೊರೆ ಕಳಚಿ ಹಸಿದಿದ್ದ ರೇಷ್ಮೆಹುಳಕ್ಕೆ ನೀವು ಸೊಪ್ಪು ಹಾಕಲಿಲ್ಲ. ಆ ವಿಡಿಯೋ ಆಟದ ಡಬ್ಬಿಯೊಳಗೆ ಶೂರನಾಗಿ ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತ ಯಾವುದೋ ಪಟ್ಟಣ ಕಾಪಾಡುತ್ತಿದ್ದಿರಿ. ಹುಳವೆಲ್ಲ ಸತ್ತವು. ನೀವು ಹೊಡೆದದ್ದು ತನುಜಾಳನ್ನು.

ಅವಳು ಒಡವೆ ಬಿಟ್ಟು ಆ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ಒಡೆದು ಹಾಕು ಎಂದು ಒನಕೆ ಕೊಟ್ಟೆ. ಅದಕ್ಕೆ ಮುಂಚೆ ಒಂದು ಸಲ ಆಡಿ ನೋಡಿದಳು.

"ಅಜ್ಜೀ, ಇಲ್ಲಿ ಎಲ್ಲಿಗೆ ಬೇಕಾದ್ರೂ ಹಾರಬಹುದು. ಎಲ್ಲಿಗೆ ಹೋಗ್ತೀಯೆ ಅಂತ ಒಬ್ರೂ ಕೇಳಲ್ಲ ಕಣಜ್ಜೀ!"

ಒನಕೆಯನ್ನು ಮೂಲೆಗಿಟ್ಟೆ. ಈಗ ನಿಮ್ಮ ಹೆಸರೆತ್ತಿದರೆ "ಯಾರದು?" ಎನ್ನುತ್ತಾಳೆ.

ಅವಳನ್ನು ಕರೆದೊಯ್ಯಲು ಬರುತ್ತೀರಂತೆ. ಬರಬೇಡಿ. ಡಬ್ಬಿಯ ಚಾರ್ಜರ್ ಮಾತ್ರ ಸಾದಲಿ ಬಸ್ಸಿನವರ ಕೈಲಿ ಕಳಿಸಿಕೊಡಿ.

ನಿಮಗೆ ಹೆಣ್ಣು ಕೊಟ್ಟು ತಪ್ಪು ಮಾಡಿದ,
ಕೊಂಡಮ್ಮ